ಸೀಸದ ಎತ್ತು

ಆಗೆಲ್ಲ ಜಗಳೂರಿನ ಮೇಲೆ ಮೋಡ ಕಟ್ಟಿದರೆ ಊರಿನವರು ಬಿತ್ತನೆಯ ಮಾತಾಡುತ್ತಿದ್ದರು, ನಮ್ಮ ಮನೆಯಲ್ಲಿ ಮಾತ್ರ ಬ್ಯಾಟರಿಯ ಮಾತು. ಅಪ್ಪ ಹಿತ್ತಲಿನಲ್ಲಿ ನೆಟ್ಟ ಗಳುಗಳಿಗೆ ತನ್ನ ಒಗೆದ ಬಿಳಿ ಪಂಚೆಯ ನಾಲ್ಕು ಮೂಲೆ ಬಿಗಿದು, ನಡುವೆ ತೊಳೆದ ಕಲ್ಲೊಂದನ್ನಿಟ್ಟು, ಕೆಳಗೆ ಗಾಜಿನ ಜಾಡಿ ಇಡುತ್ತಿದ್ದ. ಮೊದಲು ಬಿದ್ದ ನೀರಿನಲ್ಲಿ ಧೂಳಿರುತ್ತದೆ, ಅದನ್ನು ಚೆಲ್ಲಬೇಕು. ಆಮೇಲಿನದು ಬ್ಯಾಟರಿಗೆ. ನಮ್ಮೂರಿನ ಬೋರಿನ ನೀರು ಕಾಯಿಸಿದರೆ ಪಾತ್ರೆಯ ತಳದಲ್ಲಿ ಸುಣ್ಣದಂಥ ಪೊರೆ ಕೂರುತ್ತಿತ್ತು. ಅಂಥ ನೀರು ಹಾಕಿದರೆ ಬ್ಯಾಟರಿಯ ಕಥೆ ಮುಗಿದಂತೆ. ನಾವು ಕುಡಿಯುತ್ತಿದ್ದುದು ಆ ಬೋರಿನ ನೀರನ್ನೇ. "ನಮ್ಮನೇಲಿ ಒಳ್ಳೆ ನೀರು ಬ್ಯಾಟ್ರಿಗೆ, ಉಳಿದಿದ್ದು ನಮಗೆ" ಎಂದು ಅವ್ವ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಒಂದು ಮಳೆಗಾಲದ ನಂತರ ಅವಳು ಆ ಮಾತು ಹೇಳಿ ನಕ್ಕದ್ದನ್ನು ನಾನು ಕಂಡಿಲ್ಲ.

ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ. ಜೀಪು, ಟ್ರ್ಯಾಕ್ಟರು, ಬಾಡಿಗೆ ಕಾರು, ಎಲ್ಲದರ ಬ್ಯಾಟರಿಯೂ ಅಪ್ಪನ ಕೈಗೆ ಬರುತ್ತಿತ್ತು. ಚಾರ್ಜಿಗೆ ಹಾಕುವುದಷ್ಟೇ ಅಲ್ಲ, ಸತ್ತ ಬ್ಯಾಟರಿಯ ಹೊಟ್ಟೆ ಬಿಚ್ಚಿ, ಕೆಟ್ಟ ಪ್ಲೇಟು ಕಿತ್ತು, ಸೀಸ ಕರಗಿಸಿ ಬೆಸೆದು, ಮೇಲೆ ಡಾಂಬರು ಹೊಯ್ದು ಮುಚ್ಚುತ್ತಿದ್ದ. ಅಂಗಡಿಯ ತುಂಬ ಆಸಿಡ್ಡಿನ ಘಾಟು, ಕಾದ ಡಾಂಬರಿನ ವಾಸನೆ, ಚಾರ್ಜರಿನ ಒಂದೇ ಸಮನೆ ಗುಂಯ್‌ಗುಡುವ ಸದ್ದು. ಶಾಲೆಯಲ್ಲಿ ನನ್ನ ಪಕ್ಕ ಕೂರುವವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೇನೂ ಬೇಜಾರಿರಲಿಲ್ಲ. ಅವರ ಅಪ್ಪಂದಿರು ಅಂಗಡಿಯಲ್ಲಿ ಮಿಂಚು ತುಂಬಿಸಿ ಕೊಡುತ್ತಿರಲಿಲ್ಲ.

ಒಂದು ದಿನ ಅಪ್ಪ ಬಿಚ್ಚಿದ ಬ್ಯಾಟರಿ ತೋರಿಸಿ ನನಗೆ ಪಾಠ ಮಾಡಿದ್ದ.

"ನೋಡವ್ವ, ಈ ಪ್ಲೇಟು ಕಂದು, ಈ ಪ್ಲೇಟು ಬೂದಿ ಬಣ್ಣ. ಎಲ್ಡೂ ಸೀಸಾನೇ. ಆದ್ರೆ ಒಂದರಂಗೆ ಇನ್ನೊಂದಿಲ್ಲ. ಆ ಫರಕು ಇರೋಗಂಟ ಕರೆಂಟು ಹರೀತೈತೆ. ಡ್ರೈವರು ಸೆಲ್ಫ್ ಹೊಡೆದಂಗೆಲ್ಲ ಆಸಿಡ್ನಾಗಿನ ಸತ್ವ ಪ್ಲೇಟಿಗೆ ಹೋಗಿ ಕೂರ್ತೈತೆ. ಎಲ್ಡೂ ಬೆಳ್ಳಗಾಗ್ತಾವೆ, ಆಸಿಡ್ಡು ನೀರಾಗ್ತೈತೆ. ಆಗ ಗಾಡಿ ನಿಂತ್ಕಂತೈತೆ."

"ಆಮೇಲೆ?"

"ಚಾರ್ಜಿಗೆ ಹಾಕಿದ್ರೆ ಪ್ಲೇಟಿಗೆ ಹೋಗಿದ್ದೆಲ್ಲ ವಾಪಸ್ ನೀರಿಗೆ ಬರ್ತೈತೆ. ಮತ್ತೆ ಒಂದು ಕಂದು, ಒಂದು ಬೂದಿ."

"ಚಾರ್ಜಿಗೆ ಹಾಕದೆ ಹಂಗೇ ಬಿಟ್ರೆ?"

"ಬಿಳುಪು ಕಲ್ಲಾಗ್ತೈತೆ. ಆಮೇಲೆ ಏನು ಮಾಡಿದ್ರೂ ಬಗ್ಗಲ್ಲ."

ಅಂಗಡಿಗೂ ಮನೆಗೂ ನಡುವೆ ಬಾಗಿಲಿರಲಿಲ್ಲ, ನೆಲದ ಮೇಲೆ ಅಪ್ಪ ಕೆಂಪು ಬಣ್ಣದಲ್ಲಿ ಎಳೆದ ಗೆರೆಯೊಂದಿತ್ತು. ಮಕ್ಕಳು ಅದನ್ನು ದಾಟುವಂತಿಲ್ಲ. ಆಸಿಡ್ಡೆಂದರೆ ಅಪ್ಪನಿಗೆ ಅಷ್ಟು ಭಯ. ಅವನ ಅಂಗಿ, ಲುಂಗಿ ಎಲ್ಲ ಜರಡಿಯ ಹಾಗೆ ತೂತು ಬಿದ್ದಿದ್ದವು, ಮೊಣಕೈಯಲ್ಲಿ ಸುಟ್ಟ ಕಲೆಯಿತ್ತು. ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರಲ್ಲ ಎಂಬುದನ್ನು ನನಗೆ ಮಗ್ಗಿಗಿಂತ ಮೊದಲೇ ಬಾಯಿಪಾಠ ಮಾಡಿಸಿದ್ದ. ಆಸಿಡ್ ಸಿಡಿದರೆ ತೊಳೆಯಲು ಮೂಲೆಯಲ್ಲಿ ಯಾವಾಗಲೂ ಸೋಡಾಪುಡಿ ಕದಡಿದ ಬಕೆಟ್ಟು. ಸೀಸಕ್ಕೆ ಮಾತ್ರ ಯಾರೂ ಹೆದರುತ್ತಿರಲಿಲ್ಲ. ಅದು ಸುಡುವುದಿಲ್ಲ, ಚುಚ್ಚುವುದಿಲ್ಲ, ಘಾಟಿಲ್ಲ. ಹಬ್ಬದ ಬೆಳ್ಳಿಯಂತೆ ಹೊಳೆಯುತ್ತ ಸುಮ್ಮನೆ ಬಿದ್ದಿರುತ್ತಿತ್ತು.

ಗೆರೆಯ ಈಚೆ ನನ್ನ ತಮ್ಮ ಕೊಟ್ರೇಶ ಕುಕ್ಕರಗಾಲಿನಲ್ಲಿ ಕೂರುತ್ತಿದ್ದ. ಮೂರು ತುಂಬಿತ್ತು. ಮಾತಿನ ಮಲ್ಲ. ಅಂಗಡಿಗೆ ಬರುವ ಬಾಡಿಗೆ ಕಾರಿನ ರುದ್ರಣ್ಣ ನ್ಯಾಮತಿಯ ಕಡೆಯವನು. ಅವನು ತನ್ನ ಸೀಮೆಯ ಊರುಗಳನ್ನು ಬಸ್ ಏಜೆಂಟರ ಹಾಗೆ ಕೂಗಲು ಕೊಟ್ರನಿಗೆ ಕಲಿಸಿದ್ದ. ಹಾದಿಯಲ್ಲಿ ಹೋಗುವ ಯಾರನ್ನೂ ಕೊಟ್ರ ಬಿಡುತ್ತಿರಲಿಲ್ಲ. "ಚನ್ನಗಿರಿ, ಚನ್ನಗಿರಿ, ಹೊನ್ನಾಳಿ, ಯಾರ್ರೀ ನ್ಯಾಮತಿ, ಬರ್ರಿ ಬರ್ರಿ" ಎಂದು ಕತ್ತು ಉಬ್ಬಿಸಿ ಕೂಗಿದರೆ ಎದುರಿನ ಹೋಟೆಲಿನವರೂ ನಗುತ್ತಿದ್ದರು. ಸಂಜೆ ಅಪ್ಪ ಮಂಡಕ್ಕಿ ಪೊಟ್ಟಣ ಬಿಚ್ಚಿ, ಕೈಯನ್ನು ಅಂಗಡಿಯ ಬಟ್ಟೆಗೆ ಒರೆಸಿ, ಕೊಟ್ರನ ಬಾಯಿಗೆ ಮುಕ್ಕು ಮುಕ್ಕಾಗಿ ಹಾಕುತ್ತಿದ್ದ. ಒಂದೊಂದು ಮುಕ್ಕಿಗೂ ಒಂದೊಂದು ಊರು ಹೇಳಬೇಕು. ಆ ಕೈಯ ಬೂದು ಬಣ್ಣ ನಮಗೆ ದುಡಿಮೆಯ ಬಣ್ಣವಾಗಿಯೇ ಕಾಣುತ್ತಿತ್ತು.

ಆ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಅವ್ವ ಕೆರೆಯ ಮಣ್ಣು ತಂದು ಎರಡು ಎತ್ತು ಮಾಡಿದಳು. ಪೂಜೆ ಮುಗಿದು ಎಡೆಯ ಕಡುಬು ಬಾಯಿಗೆ ಹೋಗುವಷ್ಟರಲ್ಲಿ ಕೊಟ್ರ ಒಂದರ ಕಾಲು ಮುರಿದಿದ್ದ. ಅವನ ಅಳುವಿಗೆ ಕೊನೆಯೇ ಇಲ್ಲ. ಅವ್ವ ಇನ್ನೊಂದನ್ನು ಕೊಟ್ಟಳು, ಅದರ ಕೋಡೂ ಹೋಯಿತು. ಅಪ್ಪ ಎರಡನ್ನೂ ಎತ್ತಿಕೊಂಡು ಗೆರೆ ದಾಟಿದ. ಒದ್ದೆ ಮರಳಿನಲ್ಲಿ ಎತ್ತಿನ ಅಚ್ಚು ಒತ್ತಿ, ಹಳೆಯ ಬ್ಯಾಟರಿಯ ಸೀಸವನ್ನು ಸೌಟಿನಲ್ಲಿ ಕರಗಿಸಿ ಎರೆದ. ನಾವಿಬ್ಬರೂ ಗೆರೆಯ ಈಚೆ ನಿಂತಿದ್ದೆವು. ಆರಿದ ಮೇಲೆ ಅಂಚನ್ನೆಲ್ಲ ಅರದಿಂದ ಉಜ್ಜಿ, ಅಂಗಿಗೆ ಒರೆಸಿ, ಕೊಟ್ರನ ಅಂಗೈಯಲ್ಲಿಟ್ಟ.

"ತಗಾ ದೊರೆ. ಇದು ಒಡೆಯಲ್ಲ."

ಅದರ ಭಾರಕ್ಕೆ ಕೊಟ್ರನ ಕೈ ಕೆಳಗೆ ಬಾಗಿತು. ಎದೆಗೆ ಅವಚಿಕೊಂಡ. ಬಿಳಿಯ ಎಂದು ಹೆಸರಿಟ್ಟ. ಗೆರೆ ದಾಟಿ ಈಚೆಗೆ ಬಂದ ಮೊದಲ ವಸ್ತು ಅದು. ಬಂದದ್ದು ಅಪ್ಪನ ಕೈಯಿಂದಲೇ.

ಬಿಳಿಯ ಅವನ ಜೊತೆ ಉಂಡಿತು, ಅವನ ಜೊತೆ ಮಲಗಿತು. ನಿದ್ದೆಗೆ ಮುಂಚೆ ಅದರ ಡುಬ್ಬವನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದ. "ಬೆರಳು ಚೀಪೋದು ಬಿಟ್ಟ, ಅಷ್ಟಾದ್ರೂ ಆತು" ಎಂದು ಅವ್ವ ಸಮಾಧಾನಪಟ್ಟಳು. ಒಮ್ಮೆ ನನಗೂ ನೆಕ್ಕಲು ಕೊಟ್ಟ. "ಸೀ ಐತೆ ನೋಡಕ್ಕ" ಅಂದ. ನನಗೇನೂ ರುಚಿ ಸಿಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕೊಟ್ರ ಊಟ ಕಡಿಮೆ ಮಾಡಿದ್ದ. ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುತ್ತಿದ್ದ. ಮುಖ ಬಿಳಿಚಿತು. ಅವ್ವ ಓಮದ ನೀರು ಕುಡಿಸಿದಳು, ಹರಳೆಣ್ಣೆ ಕುಡಿಸಿದಳು, ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ಊರಿನ ಡಾಕ್ಟರು ಜಂತುಹುಳು ಎಂದು ಔಷಧಿ ಕೊಟ್ಟರು, ರಕ್ತವಿಲ್ಲ ಎಂದು ಟಾನಿಕ್ ಬರೆದರು. ಆಮೇಲೆ ಊರುಗಳು ಹೋಗತೊಡಗಿದವು. ಮೊದಲು ಹೋದದ್ದು ನ್ಯಾಮತಿ. "ಚನ್ನಗಿರಿ, ಹೊನ್ನಾಳಿ" ಎಂದವನು ನಿಂತುಬಿಡುತ್ತಿದ್ದ, ನಮ್ಮ ಮುಖ ನೋಡುತ್ತಿದ್ದ. ರುದ್ರಣ್ಣ, "ಏನಪ್ಪಾ, ನಮ್ಮೂರಿಗೇ ಬಸ್ ಬಿಡದಂಗೆ ಮಾಡಿದೆಯಲ್ಲೋ" ಎಂದು ನಗಿಸಲು ನೋಡಿದ. ಮಂಡಕ್ಕಿ ಹಿಡಿದ ಅಪ್ಪನ ಕೈ ಕಾಯುತ್ತಿತ್ತು. ಕೆಲವು ದಿನಕ್ಕೆ ಹೊನ್ನಾಳಿಯೂ ಹೋಯಿತು. ದೀಪಾವಳಿಗೆ ಪಟಾಕಿ ಸದ್ದಾದರೂ ಕೊಟ್ರ ಆ ಕಡೆ ತಿರುಗಿಯೂ ನೋಡಲಿಲ್ಲ.

ಹಬ್ಬ ಕಳೆದ ವಾರದಲ್ಲಿ ಒಂದು ಮಧ್ಯಾಹ್ನ ಅವನಿಗೆ ಫಿಟ್ಸ್ ಬಂತು. ಕಣ್ಣು ಮೇಲೆ ಹೋಗಿ, ಕೈಕಾಲು ಸೆಟೆದವು. ಅವ್ವನ ಕೂಗಿಗೆ ಅಪ್ಪ ಓಡಿಬಂದ. ರುದ್ರಣ್ಣನ ಕಾರು ಬಾಗಿಲಲ್ಲೇ ಇತ್ತು, ಅದರ ಬ್ಯಾಟರಿ ಮಾತ್ರ ಸತ್ತು ಅಪ್ಪನ ಬೆಂಚಿನ ಮೇಲಿತ್ತು. ಅಪ್ಪ ಚಾರ್ಜಾದ ಇನ್ನೊಂದನ್ನು ಎತ್ತಿ ಕೂರಿಸಿ, ಬರಿಗೈಯಲ್ಲೇ ಟರ್ಮಿನಲ್ ಬಿಗಿದ. ಒಂದೇ ಸೆಲ್ಫಿಗೆ ಇಂಜಿನ್ ಹತ್ತಿತು. ಬೇರೆ ದಿನವಾಗಿದ್ದರೆ ಆ ಸದ್ದಿಗೆ ಅಪ್ಪ ಮೀಸೆಯಡಿ ನಗುತ್ತಿದ್ದ.

ದಾವಣಗೆರೆಯ ದೊಡ್ಡಾಸ್ಪತ್ರೆಯಲ್ಲಿ ವಯಸ್ಸಾದ ಡಾಕ್ಟರಮ್ಮನೊಬ್ಬರು ಕೊಟ್ರನ ಕೆಳದುಟಿ ಮಡಿಸಿ ಒಸಡು ನೋಡಿದರು. ಹಲ್ಲಿನ ಬುಡದಲ್ಲಿ ಪೆನ್ಸಿಲಿನಲ್ಲಿ ಎಳೆದಂಥ ನೀಲಿ ಗೆರೆ ಇತ್ತು. ಅದನ್ನು ನಾವ್ಯಾರೂ ನೋಡಿರಲಿಲ್ಲ.

"ಏನು ಕೆಲಸ ಮಾಡ್ತೀರಿ?" ಎಂದು ಅಪ್ಪನನ್ನು ಕೇಳಿದರು.

"ಬ್ಯಾಟ್ರಿ ಕೆಲ್ಸ ಮೇಡಮ್ಮೋರೆ. ಆದ್ರೆ ಆಸಿಡ್ ಹತ್ರ ಬಿಟ್ಟಿಲ್ರಿ. ಗೆರೆ ಹಾಕೀನಿ. ಒಂದ್ಸಲಾನೂ ದಾಟಿಲ್ಲ ಹುಡುಗ."

"ಆಸಿಡ್ ಅಲ್ಲಪ್ಪ. ಇದು ಸೀಸ. ಮಗು ಏನಾದ್ರೂ ಬಾಯಿಗೆ ಹಾಕ್ಕೊಳ್ಳುತ್ತಾ?"

ಅವ್ವ ಕೊಟ್ರನ ಮುಷ್ಟಿ ಬಿಡಿಸಿದಳು. ದಾರಿಯುದ್ದಕ್ಕೂ ಬಿಳಿಯ ಅದರೊಳಗೇ ಇತ್ತು. ಡಾಕ್ಟರಮ್ಮ ಅದನ್ನು ಮೇಜಿನ ಮೇಲೆ ಕಾಗದ ಹಾಸಿ ಇಟ್ಟರು. ಅಪ್ಪ ಬಗ್ಗಿ ನೋಡಿದ. ಡುಬ್ಬ ಇರಲಿಲ್ಲ. ಅದರ ಜಾಗದಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು.

"ನಾನೇ ಮಾಡಿಕೊಟ್ಟಿದ್ದು" ಅಂದ ಅಪ್ಪ. ಆಮೇಲೆ ಮತ್ತೆ ಅದನ್ನೇ ಅಂದ.

ಎತ್ತು ಒಂದೇ ಅಲ್ಲ, ಕೈಯಿಂದ, ಬಟ್ಟೆಯಿಂದ, ಮನೆಯ ಧೂಳಿನಿಂದ ಕೂಡ ಹೋಗಿರುತ್ತದೆ ಎಂದು ಡಾಕ್ಟರಮ್ಮ ವಿವರಿಸಿದರು. ರಕ್ತದಲ್ಲಿರುವುದನ್ನು ಔಷಧಿ ಒಂದಿಷ್ಟು ತೆಗೆಯುತ್ತದೆ. ಮೂಳೆಗೆ ಹೋದದ್ದು, ತಲೆಗೆ ಆದದ್ದು ಬೇರೆ.

"ವಾಪಸ್ ಬರಲ್ವಾ ಮೇಡಮ್ಮೋರೆ?" ಎಂದು ಅಪ್ಪ ಕೇಳಿದ.

ಡಾಕ್ಟರಮ್ಮ ಕೊಟ್ರನ ತಲೆ ಸವರಿದರು. ಬಿಳುಪು ಕಲ್ಲಾಗುವ ಪಾಠ ಕೇಳಿದ್ದ ನನಗೆ ಅರ್ಥವಾಯಿತು. ಅಪ್ಪನಿಗೆ ನನಗಿಂತ ಮೊದಲೇ ಆಗಿತ್ತು ಅನಿಸುತ್ತದೆ.

ಕೊಟ್ರ ಬದುಕಿದ. ಆಸ್ಪತ್ರೆಯಿಂದ ಬಂದ ಮರುದಿನ ಅಪ್ಪ ಬಿಳಿಯನನ್ನು ಸೌಟಿಗೆ ಹಾಕಿ ಕರಗಿಸಿದ. ಮೊದಲು ಕಾಲು ಕುಸಿದವು, ಕೊನೆಗೆ ಕೋಡು ಹೋಯಿತು. ನಾನು ಗೆರೆಯ ಈಚೆ ನಿಂತು ನೋಡಿದೆ. ಅಭ್ಯಾಸಬಲ, ಇನ್ನು ಆ ಗೆರೆಗೆ ಏನು ಅರ್ಥವಿತ್ತು? ಅಂಗಡಿಯನ್ನು ಬೇರೆಯವರಿಗೆ ಬಿಟ್ಟು ನಾವು ಅವ್ವನ ತವರು ಹೊನ್ನಾಳಿಗೆ ಬಂದೆವು. ಅಪ್ಪ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ. ಸಂಜೆ ನೇರ ಮನೆಗೆ ಬರುತ್ತಿರಲಿಲ್ಲ, ಹೊಳೆಗೆ ಹೋಗಿ ಮರಳು ಹಾಕಿ ಕೈ ಉಜ್ಜುತ್ತಿದ್ದ. ಅಕ್ಕಿಯ ತೌಡಿನ ಕೈ ಅದು, ತೊಳೆಯಲು ಏನಿತ್ತು? ಉಜ್ಜಿ ಉಜ್ಜಿ ಚರ್ಮ ಕಿತ್ತರೂ ಮಗನಿಗೆ ಮತ್ತೆ ಕೈತುತ್ತು ಹಾಕಲಿಲ್ಲ. ನನಗೆ ಅವನ ಮೇಲೆ ಬಹಳ ವರ್ಷ ಸಿಟ್ಟಿತ್ತು. ಅದನ್ನು ಅವನೆದುರು ಆಡಿ ತೀರಿಸಿಕೊಳ್ಳೋಣವೆಂದರೆ, ನಾನು ಆಡಬೇಕಾದ್ದನ್ನೆಲ್ಲ ಅವನೇ ತನಗೆ ಆಡಿಕೊಂಡಾಗಿತ್ತು.

ಕೊಟ್ರ ಬಿಳಿಯನನ್ನು ಮನೆಯೆಲ್ಲ ಹುಡುಕಿದ. ಅಪ್ಪ ಬೇವಿನ ಮರದಲ್ಲಿ ಎತ್ತು ಕೆತ್ತಿಕೊಟ್ಟ, ಅವ್ವ ಮಣ್ಣಿನದು ಮಾಡಿದಳು, ಸಂತೆಯಿಂದ ಪ್ಲಾಸ್ಟಿಕ್ಕಿನದು ಬಂತು. ಅಂಗೈಯಲ್ಲಿಟ್ಟು ಒಂದು ಕ್ಷಣ ತೂಗಿ ನೋಡುತ್ತಿದ್ದ, ಕೆಳಗಿಡುತ್ತಿದ್ದ. ಯಾವುದಕ್ಕೂ ಆ ಭಾರವಿರಲಿಲ್ಲ. ಈಗಲೂ ಹೊಸ ವಸ್ತು ಕೈಗೆ ಸಿಕ್ಕರೆ ಹಾಗೆಯೇ ತೂಗುತ್ತಾನೆ. ಅಪ್ಪ, ಅವ್ವ ಇಬ್ಬರೂ ಹೋಗಿದ್ದಾರೆ. ಮೂವತ್ತು ದಾಟಿದ ಕೊಟ್ರ ನನ್ನ ಜೊತೆಗಿದ್ದಾನೆ. ಹಸಿವು, ನೀರು, ಅಕ್ಕ, ಹೀಗೆ ಬೇಕಾದಷ್ಟೇ ಮಾತು. ಊರುಗಳು ಒಂದೂ ಹಿಂತಿರುಗಲಿಲ್ಲ, ತಾನಿರುವ ಊರು ಕೂಡ.

ಕಳೆದ ತಿಂಗಳು ನನ್ನ ಕಾರು ಸ್ಟಾರ್ಟ್ ಆಗಲಿಲ್ಲ. ನಾನೂ ಕೊಟ್ರನೂ ಅದನ್ನು ತಳ್ಳಿಸಿಕೊಂಡು ಬ್ಯಾಟರಿ ಅಂಗಡಿಗೆ ಹೋದೆವು. ಈಗಿನದಕ್ಕೆ ನೀರೂ ಬೇಡವಂತೆ, ಮುಚ್ಚಳವೂ ಇಲ್ಲ, ಒಳಗೇನಿದೆ ಎಂದು ಯಾರೂ ನೋಡುವುದಿಲ್ಲ. ಒಳಗೆ ಅದೇ ಎರಡು ಬಣ್ಣದ ಸೀಸ. ಅಂಗಡಿಯವನು ಹಳೆಯದನ್ನು ಬಿಚ್ಚಿ ಕಟ್ಟೆಯ ಮೇಲಿಟ್ಟು ಹೊಸದನ್ನು ಕೂರಿಸುತ್ತಿದ್ದ. ನಾನು ತಿರುಗುವಷ್ಟರಲ್ಲಿ ಕೊಟ್ರ ಆ ಹಳೆಯದನ್ನು ಎತ್ತಿಕೊಂಡಿದ್ದ. ಆ ಭಾರಕ್ಕೆ ಕೈ ಕೆಳಗೆ ಬಾಗಿತು. ಅವನ ಮುಖದಲ್ಲಿ ನಗು ಬಂತು. ಎದೆಗೆ ಅವಚಿಕೊಂಡು, ಕೆನ್ನೆ ಅದಕ್ಕೊತ್ತಿದ.

"ಬಿಳಿಯ" ಅಂದ.

"ಅಣ್ಣಾರೆ, ಹುಷಾರು ರೀ, ಆಸಿಡ್ ಐತೆ, ಬಟ್ಟೆ ತೂತಾಗ್ತೈತೆ" ಎಂದ ಅಂಗಡಿಯವನು. ಅವನೂ ಹೆದರುವುದು ಆಸಿಡ್ಡಿಗೇ.

ನಾನು ಕೊಟ್ರನ ಬೆರಳುಗಳನ್ನು ಬಿಡಿಸಿದೆ. ಬಿಡಲೊಲ್ಲ. ಹೊನ್ನಾಳಿಯ ಹಾಡುಹಗಲ ಬೀದಿಯಲ್ಲಿ, ನರೆಗೂದಲು ಇಣುಕುತ್ತಿರುವ ಗಂಡಸು ಮೂರು ವರ್ಷದ ಮಗುವಿನ ಹಾಗೆ ಅತ್ತ. ಜನ ನಿಂತು ನೋಡಿದರು. ನಲ್ಲಿಯ ಕೆಳಗೆ ಅವನ ಕೈಯನ್ನು ಮೊಣಕೈವರೆಗೂ ಸೋಪು ಹಚ್ಚಿ ತೊಳೆದೆ. ಅಪ್ಪ ಹೊಳೆಯಲ್ಲಿ ಉಜ್ಜಿಕೊಳ್ಳುತ್ತಿದ್ದ ಹಾಗೆಯೇ ಉಜ್ಜುತ್ತಿದ್ದೇನೆ ಎಂದು ಆಮೇಲೆ ಹೊಳೆಯಿತು.

ಮನೆಯ ದಾರಿಯಲ್ಲಿ, ಎಷ್ಟೋ ಸಲ ಮಾಡಿದ ಹಾಗೆ, ನಾನು ಮೆಲ್ಲಗೆ "ಚನ್ನಗಿರಿ, ಹೊನ್ನಾಳಿ" ಎಂದು ಮೂರನೆಯದಕ್ಕೆ ಜಾಗ ಬಿಟ್ಟು ಕಾದೆ. ಕೊಟ್ರ ತೊಳೆದ ಅಂಗೈಯನ್ನು ಮೂಗಿಗೆ ಹಿಡಿದು ವಾಸನೆ ನೋಡುತ್ತಿದ್ದ.