ಸಕ್ಕರಿ ಐತಂತ

ಮದುವೆಯಾಗಿ ಬ್ಯಾಡಗಿಗೆ ಬಂದ ಮೂರನೆಯ ವಾರ, ಅತ್ತೆಯ ಕಿರುಬೆರಳು ಕಾದ ಹಂಚಿಗೆ ತಾಗಿ ಚುರುಗುಟ್ಟಿತು. ಅವರು ಆರಾಮಾಗಿ ರೊಟ್ಟಿ ತಿರುವುತ್ತಲೇ ಇದ್ದರು. ಕಿರುಚಿದವಳು ನಾನು. ನಾನು ಬರುವ ಮುಂಚೆ ಕುಡುಗೋಲು ತಾಗಿ ಅವರ ಮಣಿಕಟ್ಟಿನ ನರ ತುಂಡಾಗಿತ್ತಂತೆ. ಹಾವೇರಿಯ ಡಾಕ್ಟರು ಹೊಲಿದು ಕೂಡಿಸಿದ್ದರು. ಎರಡು ಬೆರಳಿಗೆ ಇನ್ನೂ ಸ್ಪರ್ಶ ಬಂದಿರಲಿಲ್ಲ.

ನಮ್ಮ ಮಂಗಳೂರಿನಲ್ಲಿ ಗಾಳಿಯಲ್ಲೇ ನೀರಿರುತ್ತದೆ. ಇಲ್ಲಿ ಹರವಿದ ಸೀರೆ ನಾನು ಮಾಳಿಗೆಯಿಂದ ಇಳಿಯುವುದರೊಳಗೆ ಒಣಗಿರುತ್ತದೆ. ಕುಚ್ಚಲಕ್ಕಿ ಕೇಳಿದರೆ ಅಂಗಡಿಯವರು ನಗುತ್ತಾರೆ. ನನ್ನ ಕನ್ನಡಕ್ಕೂ ನಗು. "ನಮ್ಮ ಸೊಸಿ ಪುಸ್ತಕ ಓದಿದಂಗ ಮಾತಾಡ್ತಾಳ" ಎನ್ನುತ್ತಿದ್ದರು ಅತ್ತೆ. ಹೇಗಾದರೂ ಈ ಮನೆಗೆ ಬೇಕಾದವಳಾಗಬೇಕೆಂಬ ಚಡಪಡಿಕೆಯಲ್ಲಿ, ನರಗಳ ಸಂಶೋಧನೆ ಮಾಡುವ ನನ್ನ ಕಾನ್ವೆಂಟ್ ಗೆಳತಿಗೆ ಕಾಗದ ಬರೆದೆ.

ಉತ್ತರ ಇಂಗ್ಲಿಷಿನಲ್ಲಿ ಬಂತು. ಹೆಮ್ಮೆಯಿಂದ ಕನ್ನಡ ಮಾಡಿ ಅತ್ತೆಗೆ ಓದಿ ಹೇಳಿದೆ: "ತುಂಡಾದ ನರದ ಎಳೆ ಮತ್ತೆ ಬೆಳೆಯಬಲ್ಲದು. ಅದರ ಸುತ್ತ ಸಕ್ಕರೆಯ ಸರಪಳಿಗಳಿರುತ್ತವೆ. ಕೆಲವು ದಾರಿ ಮಾಡಿಕೊಡುತ್ತವೆ. ಗಾಯದ ಕಲೆಯಲ್ಲಿರುವ ಕೆಲವು ತಡೆಯುತ್ತವೆ."

ಮರುದಿನದಿಂದ ಅತ್ತೆ ಸಪ್ಪನೆ ಚಹಾ ಕುಡಿಯತೊಡಗಿದರು. ಎಂಟು ದಿನ ಕಳೆದಿರಬೇಕು, ಪಕ್ಕದ ಮನೆಯ ಬೀಬಮ್ಮ ಹಾಗಲಕಾಯಿ ಹಿಡಿದು ಬಂದರು. "ಖರೇನ ಅಕ್ಕಾರ, ನಿಮಗ ಸಕ್ಕರಿ ಐತಂತ?" ಈ ಸೀಮೆಯಲ್ಲಿ 'ಸಕ್ಕರಿ ಐತಿ' ಎಂದರೆ ಮಧುಮೇಹ.

"ಹೌದವಾ, ಸೊಸಿ ಕಾಗದ ಓದಿ ಹೇಳ್ಯಾಳ. ಸಕ್ಕರಿ ಬಿಟ್ಟೇನಿ, ನರ ತಾನ ಬೆಳೀತೈತಿ. ಇನ್ನ ಹಾವೇರಿಗೆ ಹೋಗಿ ಬೆರಳ ಎಳಸ್ಕೊಳ್ಳೂದು ಯಾಕ?"

ಹಾವೇರಿಯ ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆ ಬೆರಳು ಎಳೆದು ಮಾಡಿಸುವ ವ್ಯಾಯಾಮ ನಿಂತರೆ ಬೆರಳು ಮಡಚಿದಂತೆಯೇ ಸೆಟೆದುಕೊಳ್ಳುತ್ತದೆಂದು ಡಾಕ್ಟರು ಎಚ್ಚರಿಸಿದ್ದರು.

"ತಿನ್ನುವ ಸಕ್ಕರೆ ಅಲ್ಲ ಅತ್ತೇ, ಮೈಯೇ ಮಾಡಿಕೊಳ್ಳುವಂಥದ್ದು..." ಪುಸ್ತಕದ ಮಾತು ಸಾಲಲಿಲ್ಲ. ಹಿತ್ತಲಿಗೆ ಕರೆದೊಯ್ದು ಹೀರೇಬಳ್ಳಿ ತೋರಿಸಿದೆ. "ನರ ಈ ಬಳ್ಳಿ ಇದ್ದಂಗ್ರೀ. ಒಂದು ಸಕ್ಕರಿ ಹಂದರ, ಇನ್ನೊಂದು ಮುಳ್ಳಬೇಲಿ. ಬೇಲಿ ತಗಿಯೂದು ಹೆಂಗಂತ ನನ್ನ ಗೆಳತಿಗೂ ಇನ್ನೂ ಗೊತ್ತಿಲ್ರೀ."

ಅತ್ತೆ ನನ್ನನ್ನೇ ನೋಡಿದರು. "ಇಷ್ಟ ಹೇಳಾಕ ಎಂಟ ದಿನ ಬೇಕಾತೇನ? ಸಪ್ಪನ ಚಾ ಕುಡಿಸಿ ಕೊಂದಿ!"

ಮರುದಿನ ಹಾವೇರಿ ಬಸ್ಸಿನಲ್ಲಿ ಅವರ ಪಕ್ಕ ನಾನೂ ಕುಳಿತೆ. ಆಮೇಲೆ ವಾರವಾರವೂ. ನಾಲ್ಕನೆಯ ತಿಂಗಳು, ತವರಿಗೆ ಹೊರಡಲು ಚೀಲ ತುಂಬುತ್ತಿದ್ದಾಗ, ಅತ್ತೆ ಕಿರುಬೆರಳು ಹಿಡಿದುಕೊಂಡು ಬಂದರು. "ಇರಿವಿ ಹರದಾಡಿದಂಗ ಆಗಾಕತ್ತೈತಿ, ನೋಡ." ಚಿಗುರುವ ನರದ ಲಕ್ಷಣವದು. ಎಳೆ ಬರುತ್ತಿತ್ತು, ಎಲ್ಲಿಯವರೆಗೆ ಬಂದೀತೋ ಯಾರಿಗೆ ಗೊತ್ತು. ಚೀಲದ ಬಾಯಿ ಮುಚ್ಚಲು ಮನಸ್ಸಾಗಲಿಲ್ಲ, ತುಂಬಿದ್ದನ್ನು ತೆಗೆದಿಡಲೂ ಆಗಲಿಲ್ಲ.

"ಹೋಗಿ ಬರ್ತೇನ್ರೀ" ಎಂದೆ. ಮಂಗಳೂರಿನಿಂದ ಹೊರಡುವಾಗ ಅಮ್ಮನಿಗೂ ಇದನ್ನೇ ಹೇಳುತ್ತೇನೆ. ಹೋಗುವುದು ಯಾವ ಮನೆಗೆ, ಬರುವುದು ಯಾವ ಮನೆಗೆ ಎಂಬುದು ನನಗಿನ್ನೂ ಇತ್ಯರ್ಥವಾಗಿಲ್ಲ.