ಸುಣ್ಣ ಬಳಿದ ಗೋಡೆಯ ಇಂಗ್ಲಿಷು

ಮಧುಗಿರಿಯ ಈ ಬಾಡಿಗೆ ಕೋಣೆಯಲ್ಲಿ ಪಕ್ಕದ ಮನೆಯವರು ಸೀನಿದರೆ ನನ್ನ ಒಲೆಯ ಮುಂದೆಯೇ ಸೀನಿದ ಹಾಗೆ ಕೇಳುತ್ತದೆ! ಮೊದಲ ದಿನ ಬೆಚ್ಚಿಬಿದ್ದು ರಾಗಿಹಿಟ್ಟು ಚೆಲ್ಲಿಬಿಟ್ಟೆ. ನೀವಿರುವ ನಮ್ಮ ಮಿಡಿಗೇಶಿಯಲ್ಲಿ ಮನೆಗಳು ದೂರದೂರ, ಕೂಗಿ ಕರೆದರೂ ಓಗೊಡುವವರಿಲ್ಲ. ಇಲ್ಲಿ ಪಿಸುಗುಟ್ಟಿದರೂ ಗುಟ್ಟು ಉಳಿಯದು. ನೆಲ ಸಾರಿಸಲು ಸಗಣಿಯನ್ನೂ ಯಾರನ್ನಾದರೂ ಕೇಳಿ ತರಬೇಕು, ನೋಡಿ!

ನಾನು ಬಂದದ್ದು ಇಲ್ಲಿ ಮಿಡ್ಲ್ ಸ್ಕೂಲು ಓದುವ ಮೊಮ್ಮಗಳು ಗೌರಿಗೆ ಬೇಯಿಸಿಹಾಕಲು. ಕಳಿಸುವಾಗಲೇ ನನ್ನ ಮಗ ಎಚ್ಚರಿಸಿದ್ದ: “ಅವ್ವಾ, ಇಂಗ್ಲಿಷ್‌ನಾಗೆ ಏನಾರ ಫೇಲಾದ್ಲೋ, ಓದು ಸಾಕು. ಮುಂದಿನ ತಿಂಗ್ಳೇ ಮದ್ವೆ.”

ನಾನು ಎರಡನೇ ಕ್ಲಾಸಿಗೇ ನಿಂತವಳು. ಅನ್ನ, ನೀರು ಎನ್ನಲು ಬಂದರೆ ಇಂಗ್ಲಿಷು ಮುಗಿಯಿತು ಎಂದುಕೊಂಡಿದ್ದೆ. ಮೇಷ್ಟರು ದಿನಕ್ಕೆ ಐದು ದೊಡ್ಡ ಮಾತು ಕಲಿಸುತ್ತಾರಂತೆ. ‘ಒಳ್ಳೆಯವನು’ ಎನ್ನುವುದಕ್ಕೇ ಏಳೆಂಟು ಮಾತು! ಯುದ್ಧಕಾಲ, ಕಾಗದ ಸಿಗದು. ಗೌರಿ ಇದ್ದಿಲು ಹಿಡಿದು ಗೋಡೆಯ ತುಂಬ ಬರೆದಳು.

ಯುಗಾದಿ ಬಂತು. ಸುಣ್ಣ ಬಳಿಯದೆ ಹಬ್ಬ ಉಂಟೇ? ಅವಳು ಸ್ಕೂಲಿಗೆ ಹೋದಾಗ ನಾಲ್ಕೂ ಗೋಡೆ ಬೆಳ್ಳಗೆ ಮಾಡಿಟ್ಟೆ.

ಬಂದವಳು ಬಾಗಿಲಲ್ಲೇ ಚೀಲ ಬಿಟ್ಟಳು.

“ಅಜ್ಜೀ! ಏನ್ ಮಾಡ್ಬುಟ್ಟೆ?”

“ಹಬ್ಬ ಕಣಮ್ಮ... ಓದಿ ಮುಗೀತು ಅಂದ್ಕಂಡೆ.”

“ನಾಕ್ ದಿನಕ್ಕೆ ಪರೀಕ್ಷೆ! ನನ್ ಮದ್ವೆ ಚಪ್ರ ನೀನೇ ಹಾಕ್ಬುಟ್ಟೆ ಬುಡು!”

ನನ್ನ ಜೀವವೇ ಹಾರಿಹೋಯಿತು. ಏನೂ ತೋಚದೆ ಒಲೆಯ ಮೇಲಿನ ಗೋಡೆಗೆ ಬೆರಳಿಟ್ಟೆ. “ಲೇ ಗೌರಿ, ಇಲ್ಲೇನಿತ್ತು? ನಾ ಮುದ್ದೆ ತಿರುವೋವಾಗ ಎದುರಿಗೇ ಇರೋದು?”

ಮೂಗು ಒರೆಸಿಕೊಂಡಳು. “ಪರ್ಸಿವಿಯರೆನ್ಸ್. ಹಿಡಿದ ಕೆಲ್ಸ ಬುಡದಂಗೆ ಮಾಡೋದು.”

“ಕಿಟಕಿ ಕೆಳಗೆ?”

“ಬೆನೆವೊಲೆಂಟ್. ಬೇರೆಯೋರ ಒಳ್ಳೇದು ಬಯಸೋರು. ನಿನ್ನಂಥೋರಲ್ಲ!”

ಬೆರಳು ಹೋದಲ್ಲೆಲ್ಲ ಮಾತು! ಏನೂ ಇಲ್ಲದ ಗೋಡೆಯಿಂದ ಹುಡುಗಿ ಇಂಗ್ಲಿಷು ಓದುತ್ತಿದ್ದರೆ ನಾನು ಬಾಯಿಯ ಮೇಲೆ ಕೈಯಿಟ್ಟು ನಿಂತುಬಿಟ್ಟೆ. ಬಾಗಿಲ ಹಿಂದಿನ ಆರೇಳು ಮಾತುಗಳು ಮಾತ್ರ ನೆನಪಿಗೆ ಬರಲಿಲ್ಲ. ಹಗಲು ಬಾಗಿಲು ಹಾಕುವ ಅಭ್ಯಾಸ ಹಳ್ಳಿಯವಳಾದ ನನಗಿಲ್ಲವಲ್ಲ, ಬರೆದ ಮೇಲೆ ಅವು ಅವಳ ಕಣ್ಣಿಗೇ ಬಿದ್ದಿರಲಿಲ್ಲ.

ಪಾಸಾಗಿದ್ದಾಳೆ! ಇಂಗ್ಲಿಷಿನಲ್ಲೇ ಎಲ್ಲರಿಗಿಂತ ಹೆಚ್ಚು! ಮಗ ಬಂದು, ಮದುವೆಯ ಸುದ್ದಿ ಎತ್ತದೆ, ಹೈಸ್ಕೂಲಿಗೆ ಸೇರಿಸಿ ಹೋದ. ಅಂದರೆ ಇನ್ನೂ ಮೂರು ವರ್ಷ ಈ ಕೋಣೆ.

ಎಮ್ಮೆ ಈದಿದೆ, ಗಿಣ್ಣು ತಿನ್ನಲು ಬಾ ಎಂದು ಊರಿನಿಂದ ನೀವೆಲ್ಲ ಹೇಳಿಕಳಿಸಿದ್ದೀರಿ. ಬಾಯಲ್ಲೂ ಕಣ್ಣಲ್ಲೂ ನೀರೂರಿತು. ಮಿಡಿಗೇಶಿ ಬಿಟ್ಟರೆ ನನಗೆ ಊರು ಯಾವುದು? ಆದರೂ ಗಿಣ್ಣನ್ನು ಬಸ್ಸಿಗೆ ಕೊಟ್ಟುಬಿಡಿ, ಇಬ್ಬರಿಗಾಗುವಷ್ಟು.