ಕಾಪಿ ಕುಡಿದು ಬೈದು ಹೋದವನು ಯಾರ ಪೈಕಿ?

ಮೂರು ತಿಂಗಳ ಹಿಂದೆ ಒಂದು ಮಧ್ಯಾಹ್ನ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚಿ ಕೂತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

‘ಪುಟ್ಟತಾಯಮ್ಮ ಗೊತ್ತಾ ನಿಮಗೆ?’

ಗೊತ್ತು, ನಮ್ಮ ಚಿಕ್ಕಮ್ಮ ಅಂದೆ.

‘ಅವರು ಅಬ್‌ಸ್ಕಾಂಡ್ ಆಗಿದ್ದಾರೆ. ಎಲ್ಲಿದ್ದಾರೆ ಹೇಳಿ. ಇಲ್ಲಾಂದ್ರೆ ಕೇಸಲ್ಲಿ ನಿಮ್ಮ ಹೆಸರೂ ಬರುತ್ತೆ.’

ನಮ್ಮ ಚಿಕ್ಕಮ್ಮ ತಲೆಮರೆಸಿಕೊಂಡಿದ್ದಾಳೆ! ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಹಗಲೆಲ್ಲ ಹುಲ್ಲು ಕೊಯ್ದು, ಸಂಜೆ ಮತ್ತೆ ಡೈರಿಗೆ ಹಾಲು ಹಾಕುವ ಹೆಂಗಸು. ಮನಸ್ಸಿಗೆ ಬೇಜಾರಾದರೆ ಅವಳು ಹೋಗುವ ಅತಿ ದೂರದ ಜಾಗ ಅಂದರೆ ಕರಿಘಟ್ಟದ ದೇವಸ್ಥಾನ. ಅದೂ ಹಸು ಕರೆಯುವ ಹೊತ್ತಿಗೆ ವಾಪಸ್ಸು. ಅಂಥವಳು ಓಡಿಹೋದರೆ ಎಲ್ಲಿಗೆ ಹೋಗುತ್ತಾಳೆ? ಹಸುವನ್ನೂ ಹಿಡಿದುಕೊಂಡೇ ಹೋಗಬೇಕಾಗುತ್ತದೆ.

ಅವನ ಫೋನು ಇಟ್ಟು ಅವಳಿಗೆ ಮಾಡಿದೆ. ಪಾಂಡವಪುರದ ಹತ್ತಿರ ಅವಳ ಊರು. ತಲೆಮರೆಸಿಕೊಂಡವಳು ಮೊದಲನೇ ರಿಂಗಿಗೇ ಎತ್ತಿದಳು. ‘ನಿಂಗೂ ಮಾಡ್ಬುಟ್ನಾ?’ ಅಂದಳು. ದನಿ ಸಣ್ಣಗಿತ್ತು. ಆಮೇಲೆ, ‘ಭಾನ್ವಾರ ದಲ್ಲಾಳಿ ಬತ್ತಾನೆ. ಅಸ ಮಾರ್ಬುಡ್ತೀನಿ ಕಣಮ್ಮಿ’ ಅಂದಳು.

ಈಗ ಹಾಲು ಕೊಡುತ್ತಿರುವುದು ಆ ಸೀಮೆಹಸು ಒಂದೇ. ಇನ್ನೊಂದು ಬತ್ತಿಕೊಂಡಿದೆ. ಮನೆ ನಡೆಯುತ್ತಿರುವುದು ಆ ಹಸುವಿನ ಕೆಚ್ಚಲಿನ ಮೇಲೆ. ಅದನ್ನು ಮಾರಿದರೆ ಬಿಟ್ಟುಹೋದ ಸಾಲದ ಕಂತು ಕಟ್ಟಬಹುದು. ಆಮೇಲಿನದ್ದು?

ಹಿನ್ನೆಲೆ ಹೇಳಿಬಿಡುತ್ತೇನೆ. ಚಿಕ್ಕಪ್ಪ ಲಗೇಜ್ ಆಟೊ ಓಡಿಸುತ್ತಿದ್ದರು. ಹೋದ ವರ್ಷ ಮೂಟೆ ಇಳಿಸುವಾಗ ಎದೆ ಹಿಡಿದುಕೊಂಡು ಕೂತುಬಿಟ್ಟರು. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟೆಂಟು ಹಾಕಿದರು. ಜೀವ ಉಳಿಯಿತು. (ಅದಕ್ಕೆ ಡಾಕ್ಟರಿಗೆ ನಾವು ಇಂದಿಗೂ ಕೈ ಮುಗಿಯುತ್ತೇವೆ. ಈ ಲೇಖನ ಅವರ ಮೇಲಲ್ಲ.) ಡಿಸ್ಚಾರ್ಜಿನ ದಿನ ಇದ್ದಬದ್ದ ದುಡ್ಡು ಕಟ್ಟಿದರೂ ಬಾಕಿ ಉಳಿಯಿತು. ಚಿಕ್ಕಮ್ಮ ಬಿಲ್ಲಿಂಗ್ ಕೌಂಟರಿನ ಮುಂದೆ ಸೆರಗು ಬಾಯಿಗಿಟ್ಟು ನಿಂತಿದ್ದಳಂತೆ. ಯೂನಿಫಾರ್ಮು ಹಾಕಿದ್ದ ಒಬ್ಬ ಹುಡುಗಿ ಬಂದು, ‘ಅಳಬೇಡಿ ಅಮ್ಮಾ, ಬಾಕಿಯನ್ನ ಕಂತು ಮಾಡಿಕೊಡ್ತೀವಿ, ಬಡ್ಡಿ ಇಲ್ಲ’ ಅಂದಳಂತೆ. ಟ್ಯಾಬಿನಲ್ಲಿ ಫೋಟೊ ತೆಗೆದಳು. ಓಟಿಪಿ ಕೇಳಿದಳು. ಗೊತ್ತಿರುವ ಯಾರದಾದರೂ ನಂಬರು ಕೊಡಿ ಅಂದಳು. ಚಿಕ್ಕಮ್ಮ ನನ್ನದನ್ನು ಕೊಟ್ಟಳು.

ಕೊಡದೆ ಇನ್ನೇನು? ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಅಪ್ಪನದು ಹೆಬ್ಬೆಟ್ಟು. ಬೆಳಿಗ್ಗೆ ರೇಷ್ಮೆಹುಳುವಿಗೆ ಸೊಪ್ಪು ಕೊಯ್ದು ಹಾಕಿ, ಅದೇ ಕೈ ತೊಳೆದುಕೊಂಡು ಕಾಲೇಜಿಗೆ ಬಸ್ಸು ಹತ್ತಿ ತೆಗೆದುಕೊಂಡ ಡಿಗ್ರಿ ಅದು. ಆ ಹೆಮ್ಮೆ ನನಗಿದೆ, ಮುಚ್ಚಿಡುವುದಿಲ್ಲ. ಆದರೆ ಮನೆಯಲ್ಲಿ ಒಬ್ಬರು ಓದಿದರೆ ಏನಾಗುತ್ತದೆ ಗೊತ್ತಾ? ಎಲ್ಲರ ಫಾರಮ್ಮಿನಲ್ಲೂ ಅವರ ನಂಬರೇ ಕೂರುತ್ತದೆ. ಗ್ಯಾಸಿನವನು, ಶಾಲೆಯವರು, ಈಗ ವಸೂಲಿಯವನು, ಎಲ್ಲರೂ ನನಗೇ ಫೋನ್ ಮಾಡುತ್ತಾರೆ.

ಆಸ್ಪತ್ರೆಯ ಬಾಕಿಯನ್ನು ಆಸ್ಪತ್ರೆಗೇ ಕಟ್ಟುತ್ತಿದ್ದೇನೆ ಅಂತ ಚಿಕ್ಕಮ್ಮ ತಿಳಿದಿದ್ದಳು. ಅದು ಆಸ್ಪತ್ರೆಗೆ ಆವತ್ತೇ ಸಂದಾಯವಾಗಿತ್ತು. ಕಟ್ಟಿದ್ದು ಹೆಸರೇ ಕೇಳದ ಒಂದು ಫೈನಾನ್ಸ್ ಕಂಪನಿ, ಅವಳು ಸಾಲಗಾರಳಾಗಿದ್ದು ಅದಕ್ಕೆ. ಕಂತು ತಪ್ಪದೆ ಕಟ್ಟಿದಳು. ಚಿಕ್ಕಪ್ಪನಿಗೆ ಭಾರ ಎತ್ತಬಾರದು ಅಂದಮೇಲೆ ಆಟೊ ನಿಂತಿತು, ಒಂದು ಹಸು ಬತ್ತಿತು, ಎರಡು ಕಂತು ಬಿಟ್ಟುಹೋಯಿತು. ಆಗ ಶುರುವಾಯಿತು.

ಶನಿವಾರ ಕಾಲೇಜು ಮುಗಿಸಿ ಶ್ರೀರಂಗಪಟ್ಟಣದ ನಮ್ಮ ಮನೆಗೆ ಹೋಗದೆ ಸೀದಾ ಚಿಕ್ಕಮ್ಮನ ಊರಿಗೆ ಹೋದೆ. ಚಿಕ್ಕಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದರು. ‘ನನ್ನ ಉಳಿಸ್ಕಂಡಿದ್ದಕ್ಕೆ ಇಷ್ಟೆಲ್ಲಾ’ ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಚಿಕ್ಕಮ್ಮ ಒಂದೊಂದೇ ಹೇಳಿದಳು. ಸೂರ್ಯ ಹುಟ್ಟುವ ಮುಂಚೆಯೇ ಫೋನು ಬರುತ್ತಿತ್ತು. ಆಮೇಲೆ ಅವಳ ಅಣ್ಣನಿಗೆ, ನಾದಿನಿಗೆ ಹೋಯಿತು. ಕೊನೆಗೆ ಆಸಾಮಿಯೇ ಬಂದ. ಬಂದಿದ್ದು ಮನೆಗಲ್ಲ, ಡೈರಿಗೆ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ಹೆಂಗಸರೆಲ್ಲರ ಮುಂದೆ, ಗಂಡನಿಗೆ ಔಷಧಿ ಮಾಡಿಸಿಕೊಂಡು ದುಡ್ಡು ನುಂಗಿದವಳು ಅಂತ ಕೂಗಿದ. ಮನೆವರೆಗೂ ಹಿಂದೆ ಬಂದ. ಚಿಕ್ಕಮ್ಮ ಏನು ಮಾಡಿದಳು? ಜಗಲಿ ಮೇಲೆ ಚಾಪೆ ಹಾಕಿ ಕಾಪಿ ಕೊಟ್ಟಳು. ಮನೆ ಬಾಗಿಲಿಗೆ ಬಂದವರಿಗೆ ಏನೂ ಕೊಡದೆ ಕಳಿಸುವುದು ಅವಳಿಗೆ ಗೊತ್ತಿಲ್ಲ.

‘ಕಾಪಿ ಕುಡ್ದ್ಬುಟ್ಟು, ಲೋಟ ಕೆಳಗ್ ಮಡಗಿ, ಆಮೇಲ್ ಬೈದ ಕಣಮ್ಮಿ’ ಅಂದಳು.

ನಾಗಮಂಗಲದ ಕಡೆ ಅವಳ ಮಗಳಿಗೆ ಸಂಬಂಧ ಗೊತ್ತಾಗಿದೆ. ಮುಂದಿನ ಸಲ ಆ ಬೀಗರ ಮನೆಗೆ ಹೋಗಿ ಹೇಳುತ್ತೇನೆ ಅಂದನಂತೆ. ಅವತ್ತೇ ಚಿಕ್ಕಮ್ಮ ದಲ್ಲಾಳಿಗೆ ಹೇಳಿಕಳಿಸಿದ್ದು.

ಅವನ ಹೆಸರೇನು ಅಂದೆ. ಗೊತ್ತಿಲ್ಲ. ಯಾವೂರವನು? ಗೊತ್ತಿಲ್ಲ. ಯಾವ ಆಫೀಸಿನವನು? ಅದೂ ಗೊತ್ತಿಲ್ಲ.

ನಾನು ಅವಳ ಮುಖವನ್ನೇ ನೋಡಿದೆ. ನಮ್ಮ ಕಡೆಯವರ ಸ್ವಭಾವ ನಿಮಗೆ ಗೊತ್ತಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಕಂಡಕ್ಟರ್ ಟಿಕೆಟ್ ಹರಿದು ಕೊಡುವಷ್ಟರಲ್ಲಿ ಯಾವೂರು, ಯಾರ ಪೈಕಿ, ಯಾರ ಮಗ ಅಂತ ಕೇಳಿ ಮುಗಿಸಿರುತ್ತೇವೆ. ಅದರಲ್ಲೂ ಚಿಕ್ಕಮ್ಮ! ಒಮ್ಮೆ ಅವಳ ಜೊತೆ ಕೆ.ಆರ್. ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಾಗ ಕಡಲೆಕಾಯಿ ಮಾರುವವನ ಅಜ್ಜಿಯ ತವರನ್ನು ಪತ್ತೆ ಮಾಡಿ, ಅವನನ್ನು ಅಣ್ಣನ ವರಸೆಗೆ ತಂದು, ಮೇಲೊಂದು ಹಿಡಿ ಕಡಲೆಕಾಯಿ ಹಾಕಿಸಿಕೊಂಡಿದ್ದಳು. ಅಂಥವಳು, ತನ್ನ ಮನೆಯ ಮಾನವನ್ನು ಬೀದಿಗೆ ತಂದವನನ್ನು ‘ನೀನ್ಯಾರು’ ಅಂತ ಕೇಳಿಲ್ಲ.

‘ಕೇಳಕ್ಕೆ ಬಾಯೇ ಬರ್ನಿಲ್ಲ. ಫೈಲ್ ಇಟ್ಕಂಡಿದ್ದ. ಕೊಡ್ಬೇಕಾದೋಳು ನಾನಲ್ವಾ’ ಅಂದಳು.

ಅದೇ ನನಗೆ ಚುಚ್ಚಿದ ಮಾತು. ಕೊಡಬೇಕಾದವರಿಗೆ ಬಾಯಿ ಇರಬಾರದು ಅಂತ ಯಾರು ಹೇಳಿದರು? ಸಾಲ ಮಾಡಿದರೆ ದುಡ್ಡು ಬಾಕಿ ಇರುತ್ತದೆ, ಸರಿ. ಮರ್ಯಾದೆಯನ್ನೂ ಒತ್ತೆ ಇಟ್ಟಿರುತ್ತೇವಾ?

ಬಸ್ಸಿನಲ್ಲಿ ಬರುವಾಗ ಮೊಬೈಲಿನಲ್ಲಿ ಹುಡುಕಿ ಓದಿಕೊಂಡಿದ್ದನ್ನು ಅವಳಿಗೆ ಹೇಳಿದೆ. ನಿಮಗೂ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮನೆಯಲ್ಲೂ ಎದೆಗಳಿವೆ, ಕಿಡ್ನಿಗಳಿವೆ. ನಮ್ಮ ನೋಟಿನ ಮೇಲೆ ಹೆಸರಿರುವ ದೊಡ್ಡ ಬ್ಯಾಂಕು ಇದಕ್ಕೆಲ್ಲ ನಿಯಮ ಮಾಡಿದೆ. ವಸೂಲಿಗೆ ಬರುವವನು ಗುರುತಿನ ಕಾರ್ಡು ಮತ್ತು ಕಂಪನಿ ಕೊಟ್ಟ ಪತ್ರ ಇಟ್ಟುಕೊಂಡೇ ಬರಬೇಕು. ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ನಂತರ ಫೋನು ಮಾಡಿ ಕಾಡುವ ಹಾಗಿಲ್ಲ. ಬೈಯುವ, ಬೆದರಿಸುವ, ನಾಲ್ಕು ಜನರ ಮುಂದೆ ಮಾನ ಕಳೆಯುವ ಹಾಗಿಲ್ಲ. ನೆಂಟರಿಗೆ, ಯಾರ ನಂಬರು ಕೊಟ್ಟಿರುತ್ತೇವೋ ಅವರಿಗೆ ಕಿರುಕುಳ ಕೊಡುವ ಹಾಗಿಲ್ಲ. ಅವನು ಮಾಡಿದ ತಪ್ಪಿಗೆ ‘ಅವನು ನಮ್ಮವನಲ್ಲ, ಏಜೆನ್ಸಿಯವನು’ ಅಂತ ಕಂಪನಿ ಕೈ ತೊಳೆದುಕೊಳ್ಳುವಂತಿಲ್ಲ. ಮೊದಲು ಕಂಪನಿಗೇ ದೂರು ಕೊಡಬೇಕು. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ, ಆ ದೊಡ್ಡ ಬ್ಯಾಂಕಿನಲ್ಲಿ ಓಂಬುಡ್ಸ್‌ಮನ್ ಅಂತ ದೂರು ವಿಚಾರಿಸುವ ಅಧಿಕಾರಿ ಇದ್ದಾರೆ, ಖರ್ಚಿಲ್ಲ. ಜಿಲ್ಲೆಯಲ್ಲಿ ಗ್ರಾಹಕರ ಆಯೋಗ ಇದೆ. ಹೊಡೆಯುತ್ತೇನೆ ಬಡಿಯುತ್ತೇನೆ ಅಂದರೆ ಪೊಲೀಸ್ ಸ್ಟೇಷನ್ ಇದ್ದೇ ಇದೆ.

ಇಷ್ಟುದ್ದ ಹೇಳಿದರೆ ಚಿಕ್ಕಮ್ಮ ಹಿಡಿದುಕೊಂಡಿದ್ದು ಒಂದೇ.

‘ಅಂದ್ರೆ ಯಾರ್ ಪೈಕಿ ಅಂತ ಕೇಳ್ಬೋದು ಅನ್ನು.’

ಕೇಳಲೇಬೇಕು ಅಂದೆ.

‘ಅದ್ಕೂ ಕಾನೂನು ಮಾಡವ್ರಾ?’ ಅಂತ ಮೊದಲ ಸಲ ನಕ್ಕಳು.

ಭಾನುವಾರ ಹಾಲು ಹಾಕಿ ಬಂದು ಕೂತಿದ್ದೆವು. ಎಂಟು ಇನ್ನೂ ಆಗಿರಲಿಲ್ಲ. ದಲ್ಲಾಳಿಗಿಂತ ಮೊದಲು ವಸೂಲಿಯವನ ಬೈಕು ಬಂತು. ಇಪ್ಪತ್ತೈದರ ಆಸುಪಾಸಿನ ಹುಡುಗ, ಇಸ್ತ್ರಿ ಮಾಡಿದ ಶರ್ಟು, ಕಂಕುಳಲ್ಲಿ ಫೈಲು. ಎದ್ದು ನಿಲ್ಲಬೇಕೆಂದಿದ್ದೆ. ಚಿಕ್ಕಮ್ಮ ನನ್ನ ಭುಜ ಒತ್ತಿ ಕೂರಿಸಿದಳು. ಅವನಿಗೆ ಚಾಪೆ ಹಾಕಿದಳು. ಒಂದು ಚೊಂಬು ನೀರು ಕೊಟ್ಟಳು. ಕಾಪಿ ತರಲಿಲ್ಲ.

‘ಯಾವೂರಪ್ಪ ನಿಂದು?’

‘ಅದೆಲ್ಲ ನಿಮಗ್ಯಾಕೆ? ದುಡ್ಡಿನ ವಿಷಯ ಮಾತಾಡಿ.’

‘ಮಾತಾಡಣ. ಮೊದ್ಲು ಎಸ್ರೇಳು.’

ಅವನು ಫೈಲು ಬಿಚ್ಚಿದ. ಚಿಕ್ಕಮ್ಮ ಅದರ ಮೇಲೆ ಬೆರಳಿಟ್ಟಳು.

‘ನನ್ನೂರು, ನನ್ ಗಂಡನ್ ಎದೆ, ನನ್ ಬೀಗರ ಮನೆ, ಎಲ್ಲಾ ನಿನ್ ಫೈಲಲ್ ಅದೆ. ನಿಂದು ಏನದೆ ನನ್ ತಾವ? ಒಂದ್ ಎಸ್ರೂ ಇಲ್ವಲ್ಲ ಮಗಾ.’

ಅವನಿಗೆ ಇದು ಹೊಸದು. ಅಳುವವರನ್ನು ನೋಡಿದ್ದಾನೆ, ತಿರುಗಿ ಬೈಯುವವರನ್ನೂ ನೋಡಿರಬೇಕು. ಹೆಸರು ಕೇಳಿದವರು ಇರಲಿಲ್ಲವೇನೋ. ಆಗ ನಾನು ಬಾಯಿ ಹಾಕಿದೆ. ಕಾರ್ಡು ತೋರಿಸಿ ಅಂದೆ. ಬೈಕಿನಲ್ಲಿದೆ ಅಂದ. ತನ್ನಿ ಅಂದೆ. ಆಫೀಸಿನಲ್ಲಿದೆ ಅಂದ. ಕಂಪನಿಯ ಪತ್ರ? ಅದೂ ಆಫೀಸಿನಲ್ಲಿ. ಹಾಗಾದರೆ ಅದೆಲ್ಲ ತಗೊಂಡು ಎಂಟು ಗಂಟೆಯ ಮೇಲೆ ಬನ್ನಿ, ಡೈರಿಗೆ ಹೋಗಬೇಡಿ, ಬೀಗರ ಊರಿನ ಮಾತು ಇನ್ನೊಮ್ಮೆ ಎತ್ತಿದರೆ ನಿಮ್ಮ ಹೆಸರು ಬರೆದೇ ದೂರು ಹೋಗುತ್ತದೆ ಅಂದೆ.

‘ಅದ್ಕೇಯ ಎಸ್ರು ಕೇಳಿದ್ದು’ ಅಂತ ಚಿಕ್ಕಮ್ಮ ಸೇರಿಸಿದಳು.

ಫೈಲು ಮುಚ್ಚಿ ಚೊಂಬಿನ ನೀರು ಕುಡಿದ. ಆಮೇಲೆ ಹೆಸರು ಹೇಳಿದ, ಊರೂ ಹೇಳಿದ. ಕೆ.ಆರ್. ಪೇಟೆಯ ಕಡೆಯವನು. ಅಪ್ಪನಿಗೆ ಒಂದಿಷ್ಟು ಕಬ್ಬು. ಮನೆಯಲ್ಲಿ ಮೊದಲು ಬಿ.ಕಾಂ. ಮಾಡಿದವನು ಇವನೇ. ಕಂಪನಿ ಒಂದು ಏಜೆನ್ಸಿಗೆ ಕೊಟ್ಟಿದೆ, ಏಜೆನ್ಸಿ ಇವನಿಗೆ ಕೊಟ್ಟಿದೆ. ಸಂಬಳ ಇಲ್ಲ. ವಸೂಲಾದರೆ ಕಮಿಷನ್ನು.

‘ನಿಮ್ಮವ್ವುಂಗೆ ಗೊತ್ತಾ ಈ ಕೆಲ್ಸ?’ ಚಿಕ್ಕಮ್ಮ ಕೇಳಿದಳು.

‘ಬ್ಯಾಂಕಲ್ ಕೆಲ್ಸ ಅಂತ ಹೇಳಿವ್ನಿ’ ಅಂದ. ಅಷ್ಟು ಹೊತ್ತಿನಲ್ಲಿ ನಮ್ಮೂರ ಮಾತು ಅವನ ಬಾಯಿಂದ ಬಂದಿದ್ದು ಅದೇ ಮೊದಲು.

ನನಗೆ ಅವನ ಮೇಲಿದ್ದ ಸಿಟ್ಟು ಪೂರಾ ಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಡೈರಿಯ ಮುಂದೆ ಅವನು ಆಡಿದ ಮಾತು ಅವನದೇ. ಆದರೆ ಆ ಬಿ.ಕಾಂ. ನನ್ನ ತಲೆಯಿಂದ ಇನ್ನೂ ಇಳಿದಿಲ್ಲ. ಅವನ ಮನೆಯಲ್ಲೂ ಯಾರೋ ಅರ್ಧ ಊಟ ಮಾಡಿ ಅವನ ಫೀಸು ಕಟ್ಟಿರುತ್ತಾರೆ. ನಮ್ಮಂಥ ಮನೆಗಳಿಂದ ಕಷ್ಟಪಟ್ಟು ಎದ್ದ ಒಬ್ಬ ಹುಡುಗನನ್ನು ನಮ್ಮಂಥ ಇನ್ನೊಂದು ಮನೆಯ ಬಾಗಿಲಲ್ಲಿ ನಿಂತು ಬೈಯುವ ಕೆಲಸಕ್ಕೆ ಇಟ್ಟಿರುವವರು ಯಾರು? ಅವರು ಮಾತ್ರ ಯಾವ ಡೈರಿಯ ಮುಂದೆಯೂ ನಿಲ್ಲುವುದಿಲ್ಲ. ಅವರ ಊರು, ಹೆಸರು ನಮಗೆ ಯಾವತ್ತೂ ಗೊತ್ತಾಗುವುದಿಲ್ಲ.

ಹೊರಡುವಾಗ ಚಿಕ್ಕಮ್ಮ ಅವನಿಗೆ ಕಾಪಿ ಕೊಟ್ಟಳು. ಕುಡಿದು ಹೋದ. ಬೈಯಲಿಲ್ಲ. ಅವನ ಹಿಂದೆಯೇ ಬಂದ ದಲ್ಲಾಳಿಗೂ ಕಾಪಿ ಸಿಕ್ಕಿತು, ಹಸು ಸಿಗಲಿಲ್ಲ. ಹಾಲು ಕೊಡೋ ಹಸುವನ್ನ ಮಾರ್ತೀನಿ ಅಂದಾಗ ಯಾಕೆ ಅಂತ ಒಂದು ಮಾತು ಕೇಳಬಾರದಿತ್ತಾ ಅಂತ ಅವನಿಗೇ ಬೈಗುಳ.

ಅವತ್ತೇ ಕೂತು ಕಂಪನಿಗೆ ದೂರು ಬರೆದೆ, ಕನ್ನಡದಲ್ಲೇ. ಯಾವ ಹೊತ್ತಿಗೆ ಫೋನು ಬಂತು, ಯಾರಿಗೆಲ್ಲ ಬಂತು, ಡೈರಿಯಲ್ಲಿ ಏನಾಯಿತು, ಎಲ್ಲ. ಜೊತೆಗೆ ಸಾಲದ ಪೂರ್ತಿ ಲೆಕ್ಕವನ್ನು ನಮಗೆ ಅರ್ಥವಾಗುವ ಭಾಷೆಯಲ್ಲಿ ಕೊಡಿ ಅಂತ ಕೇಳಿದೆ. ಉತ್ತರ ಬಂತು. ವಿಷಾದ ಅಂತ ಒಂದು ಸಾಲು. ಲೆಕ್ಕದಲ್ಲಿ ಚಿಕ್ಕಮ್ಮ ಕೇಳದೇ ಇದ್ದ ಒಂದು ಇನ್ಶೂರೆನ್ಸ್ ಇತ್ತು, ಅದನ್ನು ತೆಗೆದರು. ಕಂತನ್ನು ಸಣ್ಣದು ಮಾಡಿ ತಿಂಗಳು ಹೆಚ್ಚಿಸಿದರು. ಸಾಲ ಮನ್ನಾ ಆಗಲಿಲ್ಲ. ಆಗಲಿ ಅಂತ ನಾವು ಕೇಳಲೂ ಇಲ್ಲ. ತಗೊಂಡಿದ್ದು ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಈಗ ಹಾಲಿನ ಬಟವಾಡೆ ಬಂದ ದಿನವೇ ಕಟ್ಟುತ್ತಾಳೆ. ಡೈರಿಯ ಸಾಲಿನಲ್ಲಿ ಮೊದಲಿನ ಜಾಗದಲ್ಲೇ ನಿಲ್ಲುತ್ತಾಳೆ.

ಹೋದ ವಾರ ಚಿಕ್ಕಪ್ಪನ ಚೆಕಪ್ಪಿಗೆ ಅದೇ ಆಸ್ಪತ್ರೆಗೆ ಹೋಗಿದ್ದೆವು. ಡಾಕ್ಟರು ಒಂದು ಟೆಸ್ಟು ಬರೆದರು. ಕೌಂಟರಿನಲ್ಲಿ ಚಿಕ್ಕಮ್ಮ ಯಾವುದಕ್ಕೆ ಎಷ್ಟು ಅಂತ ಬಿಡಿಬಿಡಿಯಾಗಿ ಬರೆದುಕೊಡಿ ಅಂದಳು. (ಅದು ಎಲ್ಲ ರೋಗಿಗಳ ಹಕ್ಕು. ಬಾಕಿ ಇದೆ ಅಂತ ರೋಗಿಯನ್ನು ಹಿಡಿದಿಟ್ಟುಕೊಳ್ಳುವ ಹಾಗೂ ಇಲ್ಲ, ಇದನ್ನೂ ನೆನಪಿಟ್ಟುಕೊಳ್ಳಿ.) ಮೊತ್ತ ನೋಡಿ ಅವಳ ಹುಬ್ಬು ಗಂಟಾಯಿತು. ಅಷ್ಟರಲ್ಲಿ ಯೂನಿಫಾರ್ಮಿನ ಹುಡುಗಿಯೊಬ್ಬಳು ಟ್ಯಾಬು ಹಿಡಿದು ಹತ್ತಿರ ಬಂದಳು. ‘ಕಂತು ಮಾಡಿಕೊಡ್ಲಾ ಅಮ್ಮಾ? ಬಡ್ಡಿ ಇಲ್ಲ.’

ಚಿಕ್ಕಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಚೀಲ ಎತ್ತಿ ಜಾಗ ಮಾಡಿದಳು. ಬಸ್ಸಿನಲ್ಲಿ ಮಾಡುತ್ತಾಳಲ್ಲ, ಹಾಗೆ.

‘ಬಾವ್ವಾ, ಕುತ್ಕೊ. ನೀನು ಯಾರ್ ಪೈಕಿ? ಆಸ್ಪತ್ರೆ ಪೈಕಿನಾ, ಸಾಲ ಕೊಡೋರ್ ಪೈಕಿನಾ?’